ವಿಮಾನ ತೋರಿಸಿದಿರಿ, ಕಥೆ ಹೇಳಲಿಲ್ಲ

ಅಕ್ಟೋಬರ್ 8 ವಾಯುಪಡೆ ದಿನ. ಡಿಸೆಂಬರ್ 4 ನೌಕಾಪಡೆ ದಿನ. ಡಿಸೆಂಬರ್ 16 ವಿಜಯ ದಿವಸ. ಈ ತಾರೀಕುಗಳು ಹತ್ತಿರ ಬಂದ ಹಾಗೆ ಹಳೆಯ ಯುದ್ಧವಿಮಾನಗಳನ್ನು ನಿಲ್ಲಿಸಿರುವ ಸಂಗ್ರಹಾಲಯಗಳ ಮುಂದೆ ಶಾಮಿಯಾನ ಏಳುತ್ತದೆ, ವಿಮಾನಗಳಿಗೆ ಹೊಸ ಬಣ್ಣ ಬೀಳುತ್ತದೆ, ಬ್ಯಾಂಡಿನವರು ಬರುತ್ತಾರೆ. ಶಾಲೆಗಳಿಗೂ ಕರೆ ಬರುತ್ತದೆ. "ನಲವತ್ತು ಮಕ್ಕಳನ್ನು ಕರಕೊಂಡು ಬನ್ನಿ ಮೇಷ್ಟ್ರೇ, ಯೂನಿಫಾರ್ಮ್ ನೀಟಾಗಿರಲಿ."

ಇಂಥ ಕಾರ್ಯಕ್ರಮಗಳಿಗೆ ನಾನೂ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಎಲ್ಲಿ, ಯಾವುದು ಎಂದು ಕೇಳಬೇಡಿ, ಒಬ್ಬರನ್ನು ಬೊಟ್ಟು ಮಾಡಿ ತೋರಿಸುವುದು ನನ್ನ ಉದ್ದೇಶ ಅಲ್ಲ. ಪುಷ್ಪಚಕ್ರ ಇಡುತ್ತಾರೆ, ಎರಡು ನಿಮಿಷ ಮೌನ, ಆಮೇಲೆ ಮುಕ್ಕಾಲು ಗಂಟೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಭಾಷಣ. ನಮ್ಮ ಮಕ್ಕಳ ಕೈಯಲ್ಲಿ ಕಾಗದದ ಬಾವುಟ. ಪಕ್ಕದ ಶಾಲೆಯವರು ಚಪ್ಪಾಳೆ ತಟ್ಟಿದಾಗ ಇವರೂ ತಟ್ಟುತ್ತಾರೆ. ವಾಪಸು ಬರುವಾಗ ಬಸ್ಸಿನಲ್ಲಿ "ಇವತ್ತು ಯಾರನ್ನು ನೆನೆದೆವು, ಹೇಳ್ರೋ" ಅಂತ ಕೇಳಿ ನೋಡಿ. ಒಬ್ಬನೂ ಹೇಳಲಾರ. ಕೊಟ್ಟ ಬಿಸ್ಕತ್ತು ಯಾವುದು ಅಂತ ಮಾತ್ರ ಹೇಳುತ್ತಾರೆ!

ಈ ಆಚರಣೆಗಳೇ ಬೇಡ ಎನ್ನುವವನು ನಾನಲ್ಲ. ಸತ್ತವರನ್ನು ನೆನೆಯಬೇಕು. ನನ್ನ ತಕರಾರು ಇಷ್ಟೇ: ಕರೆದು ಕೂರಿಸಿದ ಮಕ್ಕಳಿಗೆ ಅರ್ಥವಾಗುವ ಭಾಷೆಯಲ್ಲಿ ಒಂದು ಮಾತನ್ನೂ ಹೇಳದೆ ಮಾಡುವ ಸ್ಮರಣೆಗೆ ಸ್ಮರಣೆ ಎಂಬ ಹೆಸರು ಯಾಕೆ?

ಬೆಂಗಳೂರಿನಲ್ಲಿ ಸುರಂಜನ್ ದಾಸ್ ರಸ್ತೆ ಎಂದು ಒಂದು ರಸ್ತೆ ಇದೆ. ದಿನಾ ಸಾವಿರಾರು ಜನ ಅದರಲ್ಲಿ ಓಡಾಡುತ್ತಾರೆ. ಮಡಕಶಿರಾ ಕಡೆಯಿಂದ ಕೆಲಸ ಹುಡುಕಿಕೊಂಡು ಹೋದ ನಮ್ಮ ಹಳೆಯ ವಿದ್ಯಾರ್ಥಿಗಳೂ ಓಡಾಡುತ್ತಾರೆ. ಆ ಸುರಂಜನ್ ದಾಸ್ ಯಾರು? ನಮ್ಮ ದೇಶದಲ್ಲೇ ವಿನ್ಯಾಸಗೊಂಡು ತಯಾರಾದ ಮೊದಲ ಯುದ್ಧ ಜೆಟ್ ಎಚ್ಎಫ್-24 ಮಾರುತ್ ವಿಮಾನವನ್ನು 1961ರ ಜೂನ್ 17ರಂದು ಮೊದಲ ಸಲ ಹಾರಿಸಿದ ಪರೀಕ್ಷಾ ಪೈಲಟ್. ಅದನ್ನು ವಿನ್ಯಾಸ ಮಾಡಿದವರು ಜರ್ಮನಿಯ ಕುರ್ಟ್ ಟ್ಯಾಂಕ್. 1956ರಲ್ಲಿ ಬೆಂಗಳೂರಿಗೆ ಬಂದು ನಮ್ಮ ಎಂಜಿನಿಯರುಗಳನ್ನು ಕಟ್ಟಿಕೊಂಡು ಕೆಲಸಕ್ಕೆ ಕೂತವರು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬೇಕೆಂಬ ಆಸೆಯಿಂದ ಎಳೆದ ನಕ್ಷೆ ಅದು. ಆದರೆ ಅದಕ್ಕೆ ಬೇಕಾದ ಎಂಜಿನ್ ಸಿಗಲಿಲ್ಲ. ಬ್ರಿಟನ್ನಿನ ಆರ್ಫಿಯಸ್ 12 ಎಂಜಿನ್ ಬರುತ್ತದೆ ಎಂದು ನಂಬಿದ್ದರು, ಅದರ ಕೆಲಸ ಅರ್ಧಕ್ಕೇ ನಿಂತಿತು. ಕೊನೆಗೆ ಕಡಿಮೆ ಶಕ್ತಿಯ ಆರ್ಫಿಯಸ್ 703 ಎಂಜಿನ್ ಎರಡನ್ನು ಕೂರಿಸಿದರು. ಮೈಕಟ್ಟು ಕುದುರೆಯದು, ಉಸಿರು ಮಾತ್ರ ಸಾಲದು! ಆ ಉಸಿರನ್ನು ಹೆಚ್ಚಿಸುವುದಕ್ಕೆ ಆಫ್ಟರ್‌ಬರ್ನರ್ ಜೋಡಿಸಿ ಪ್ರಯೋಗ ಮಾಡುತ್ತಿದ್ದಾಗ, 1970ರ ಜನವರಿ 10ರಂದು, ನೆಲ ಬಿಟ್ಟು ಏಳುವ ಹೊತ್ತಿಗೇ ವಿಮಾನ ಬಿದ್ದು ದಾಸ್ ತೀರಿಕೊಂಡರು. ಮರುವರ್ಷದ ಯುದ್ಧದಲ್ಲಿ ಅದೇ ಮಾರುತ್‌ಗಳು ರಾಜಸ್ಥಾನದ ಗಡಿಯಲ್ಲಿ ಹಾರಿದವು.

ಇದು ಕಥೆ. ಎಂಟನೇ ತರಗತಿಯಲ್ಲಿ ಬಲ, ಒತ್ತಡ, ಘರ್ಷಣೆ ಪಾಠ ಮಾಡುವಾಗ ನಾನು ಇದನ್ನು ಹೇಳಿದ್ದೇನೆ. ಹಿಂದಿನ ಬೆಂಚಿನ ಹುಡುಗನೂ ತಲೆ ಎತ್ತಿ ಕೇಳುತ್ತಾನೆ. "ಎಂಜಿನ್ ಇಲ್ಲ ಅಂತ ಗೊತ್ತಿದ್ದೂ ಯಾಕೆ ವಿಮಾನ ಮಾಡಿದ್ರು ಸಾರ್?" ಎಂಥ ಪ್ರಶ್ನೆ! ಸಂಗ್ರಹಾಲಯದ ಫಲಕ ಈ ಪ್ರಶ್ನೆ ಹುಟ್ಟಿಸುತ್ತದೆಯೇ? ಉದ್ದ ಇಷ್ಟು ಮೀಟರ್, ರೆಕ್ಕೆಯ ಅಗಲ ಇಷ್ಟು, ತೂಕ ಇಷ್ಟು, ಮುಗಿಯಿತು. ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸಿ ಹೇಳಿದ ಹಾಗೆ.

ಇನ್ನೊಂದು ಕಥೆ ಕೇಳಿ. ಕೊಡಗಿನ ಅಜ್ಜಮಾಡ ದೇವಯ್ಯ, ಸ್ಕ್ವಾಡ್ರನ್ ಲೀಡರ್. 1965ರ ಸೆಪ್ಟೆಂಬರ್ 7ರಂದು ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟ ಮಿಸ್ಟೆಯರ್ ವಿಮಾನಗಳ ತಂಡದಲ್ಲಿ ಅವರದು ಮೀಸಲು ಸ್ಥಾನ. ಯಾರಾದರೂ ಹಿಂದುಳಿದರೆ ಮಾತ್ರ ಹೋಗಬೇಕು. ಒಂದು ವಿಮಾನ ಹಿಂದುಳಿಯಿತು, ಇವರು ಹೋದರು. ವಾಪಸು ಬರಲಿಲ್ಲ. ಅಲ್ಲಿ ಏನಾಯಿತು ಎಂದು ನಮ್ಮವರಿಗೆ ಗೊತ್ತಾಗಲೇ ಇಲ್ಲ. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಆ ಯುದ್ಧದ ಬಗ್ಗೆ ಬರೆದ ಪುಸ್ತಕ ಬಂತು. ಅದೂ ಪಾಕಿಸ್ತಾನದವರ ದಾಖಲೆ ನೋಡಿ ಬರೆದದ್ದು. ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನದಿಂದ ಏಟು ತಿಂದ ಮೇಲೂ ಒಂದು ಮಿಸ್ಟೆಯರ್ ತಿರುಗಿ ನಿಂತು ಅದನ್ನು ಹೊಡೆದು ಬೀಳಿಸಿತು ಎಂಬುದು ಆಗ ತಿಳಿಯಿತು. ಆ ಪಾಕಿಸ್ತಾನಿ ಪೈಲಟ್ ಜಿಗಿದು ಬದುಕಿದ. ನಮ್ಮ ಪೈಲಟ್ ದೇವಯ್ಯನವರೇ ಎಂದು ಲೆಕ್ಕ ಹಾಕಿ ಖಚಿತ ಮಾಡಿಕೊಂಡು, ಮಹಾವೀರ ಚಕ್ರ ಕೊಟ್ಟದ್ದು 1988ರಲ್ಲಿ. ಇಪ್ಪತ್ತಮೂರು ವರ್ಷ! ಅಷ್ಟು ಕಾಲ ಆ ಮನೆಯವರು ಏನೆಂದುಕೊಂಡು ಬದುಕಿರಬೇಕು, ಯೋಚನೆ ಮಾಡಿ.

ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ಇದೆ, ಪ್ರತಿಮೆ ಇದೆ. ಒಳ್ಳೆಯದೇ. ಆದರೆ ನಮ್ಮ ಮಕ್ಕಳಲ್ಲಿ ಯಾರಿಗಾದರೂ ಈ ಕಥೆ ಅಲ್ಪಸ್ವಲ್ಪ ಗೊತ್ತಿದ್ದರೆ ಅದು 2025ರ ಜನವರಿಯಲ್ಲಿ ಬಂದ ಹಿಂದಿ ಸಿನಿಮಾದಿಂದ. ಅದರಲ್ಲೂ ಹೆಸರು ಬದಲಿಸಿದ್ದಾರೆ! ಕನ್ನಡ ನಾಡಿನ ವೀರನ ಕಥೆ ಮೊದಲು ಇಂಗ್ಲಿಷ್ ಪುಸ್ತಕದಿಂದ ದೇಶಕ್ಕೆ ಗೊತ್ತಾಯಿತು, ಆಮೇಲೆ ಹಿಂದಿ ಸಿನಿಮಾದಿಂದ ಕನ್ನಡದ ಮಕ್ಕಳಿಗೆ ಗೊತ್ತಾಗುತ್ತಿದೆ. ನಡುವೆ ನಾವೇನು ಮಾಡುತ್ತಿದ್ದೆವು?

ಈ ಮಾತೆತ್ತಿದರೆ ಬರುವ ಉತ್ತರ ನನಗೆ ಗೊತ್ತು. "ಸೇನೆ ಇಡೀ ದೇಶದ್ದು ಸಾರ್, ಅಲ್ಲಿ ಪ್ರಾಂತ ಭಾಷೆ ತರಬೇಡಿ." ಸ್ವಾಮಿ, ಸೈನ್ಯದ ಆಜ್ಞೆಗಳನ್ನು ಕನ್ನಡದಲ್ಲಿ ಕೊಡಿ ಎಂದು ಯಾರು ಕೇಳಿದರು? ಕವಾಯತು ನಿಮ್ಮ ಭಾಷೆಯಲ್ಲೇ ನಡೆಯಲಿ. ಸಂಗ್ರಹಾಲಯ ಇರುವುದು ಸೈನಿಕರಿಗಲ್ಲ, ಜನರಿಗೆ. ಇನ್ನು ಈ ವಿಮಾನದ ಕಾರ್ಖಾನೆ ಎಲ್ಲಿಂದ ಬಂತು? 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದಾಗ ಜಾಗ ಕೊಟ್ಟು, ಪಾಲು ಬಂಡವಾಳವನ್ನೂ ಹಾಕಿದ್ದು ಮೈಸೂರು ಸಂಸ್ಥಾನ. ಆಗ ಮಿರ್ಜಾ ಇಸ್ಮಾಯಿಲ್ ದಿವಾನರು. ಅಲ್ಲಿ ರಿವೆಟ್ ಹೊಡೆದು, ತಗಡು ಬಾಗಿಸಿ, ರಾತ್ರಿ ಪಾಳಿ ಮಾಡಿದವರಲ್ಲಿ ಕನ್ನಡ, ತೆಲುಗು, ತಮಿಳು ಮಾತಾಡುವ ಕಾರ್ಮಿಕರು ಎಷ್ಟು ಜನ! ವಾರ್ಷಿಕೋತ್ಸವಗಳಲ್ಲಿ ಪೈಲಟ್ ಹೆಸರು ಬರುತ್ತದೆ, ಮಂತ್ರಿ ಹೆಸರು ಬರುತ್ತದೆ. ಫಿಟ್ಟರ್ ಹೆಸರು ಕೇಳಿದ್ದೀರಾ?

ಹೆಸರು ಬಿಟ್ಟುಹೋದವರ ಮಾತು ಬಂದಾಗ ನಮ್ಮ ಪಕ್ಕದ ಕಾವಲನ್ನೂ ಹೇಳಬೇಕು. ರಾಯದುರ್ಗದಿಂದ ಮೊಳಕಾಲ್ಮೂರು ದಾಟಿದರೆ ಚಳ್ಳಕೆರೆ ಸೀಮೆ. ಅಲ್ಲಿಯ ಅಮೃತಮಹಲ್ ಕಾವಲಿನಲ್ಲಿ ಪೈಲಟ್ ಇಲ್ಲದ ವಿಮಾನಗಳನ್ನು ಪರೀಕ್ಷಿಸುವ ಡಿಆರ್‌ಡಿಒ ನೆಲೆ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ತಲೆತಲಾಂತರದಿಂದ ಕುರಿ ದನ ಮೇಯಿಸಿದ ಹುಲ್ಲುಗಾವಲಿಗೆ ಗೋಡೆ ಬಂತು. ಜನ ಹೋರಾಡಿದರು, ನ್ಯಾಯಮಂಡಳಿಗೂ ಹೋದರು. 2023ರ ಆಗಸ್ಟ್‌ನಲ್ಲಿ ಅಂಥದೊಂದು ವಿಮಾನ ಹಿರಿಯೂರು ತಾಲ್ಲೂಕಿನ ಹೊಲಕ್ಕೇ ಬಿತ್ತು. ಮುಂದೊಂದು ದಿನ ಅದೇ ಜಾತಿಯ ವಿಮಾನವನ್ನು ಯಾವುದೋ ಸಂಗ್ರಹಾಲಯದಲ್ಲಿ ನಿಲ್ಲಿಸಿ ಹಾರ ಹಾಕುತ್ತಾರೆ. ಆ ದಿನ ಕುರಿ ಕಾಯುವವನ ಮಾತು ಅಲ್ಲಿ ಬರುತ್ತದೆಯೋ?

ನಮ್ಮವರೇ ಹೇಳುವ ಇನ್ನೊಂದು ಮಾತು ನನಗೆ ಹೆಚ್ಚು ನೋವು ಕೊಡುತ್ತದೆ. "ವಿಮಾನದ ವಿಷಯ ಕನ್ನಡದಲ್ಲಿ ಹೇಳೋಕೆ ಆಗಲ್ಲ, ಪದಗಳೇ ಇಲ್ಲ." ಹೀಗೆನ್ನುವ ಸಹೋದ್ಯೋಗಿಗಳಿಗೆ ಒಂದು ಊರಿನ ಹೆಸರು ಹೇಳುತ್ತೇನೆ. ರೊದ್ದಂ. ಎಲ್ಲೋ ದೂರದ್ದಲ್ಲ, ಮಡಕಶಿರಾದ ಹಾಗೆ ಅದೂ ಹಳೆಯ ಅನಂತಪುರ ಜಿಲ್ಲೆ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಆ ಊರಿನ ಮೂಲದ ಮನೆತನದ ಆರ್.ಎಲ್. ನರಸಿಂಹಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದರು, ವಿಜ್ಞಾನವನ್ನು ಕನ್ನಡದಲ್ಲಿ ಬರೆದರು. ಅವರ ಮಗ ರೊದ್ದಂ ನರಸಿಂಹ ದೇಶದ ದೊಡ್ಡ ವೈಮಾನಿಕ ವಿಜ್ಞಾನಿ. 1984ರಿಂದ 1993ರವರೆಗೆ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರು. 2013ರಲ್ಲಿ ಪದ್ಮವಿಭೂಷಣ, 2020ರ ಡಿಸೆಂಬರಿನಲ್ಲಿ ತೀರಿಕೊಂಡರು. ಮೈಸೂರಿನ ಹೈದರ್, ಟಿಪ್ಪು ಕಾಲದ ಕಬ್ಬಿಣದ ಕೊಳವೆಯ ರಾಕೆಟ್ಟುಗಳು ಬ್ರಿಟನ್ನಿಗೆ ಹೋಗಿ ಹೇಗೆ ಬೆಳೆದವು ಎಂದು 1985ರಲ್ಲಿ ಶೋಧಿಸಿ ಬರೆದವರೂ ಅವರೇ. ಅಪ್ಪ ಕನ್ನಡದಲ್ಲಿ ವಿಜ್ಞಾನ ಬರೆದ ಮನೆಯಿಂದ ಮಗ ಗಾಳಿಯ ಹರಿವನ್ನು ಜಗತ್ತಿಗೆ ವಿವರಿಸಿದ. ಪದ ಇಲ್ಲವಂತೆ ಪದ! ನಮ್ಮ ಮಂಡಲದ ಎಷ್ಟು ಶಾಲೆಗಳ ಗೋಡೆಯ ಮೇಲೆ ಇವರ ಚಿತ್ರ ಇದೆ?

ಗಡಿಯ ಈಚೆಗಿನ ನಮಗೆ ಇದರಲ್ಲಿ ಇನ್ನೊಂದು ಸಂಕಟ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ರಾಯದುರ್ಗ ಆಂಧ್ರಕ್ಕೆ ಸೇರಿತು, ಮಡಕಶಿರಾ ಮೊದಲೇ ಅನಂತಪುರದಲ್ಲಿತ್ತು. ನಮ್ಮ ರಾಜ್ಯದ ವಿಮಾನ ಸಂಗ್ರಹಾಲಯ ವಿಶಾಖಪಟ್ಟಣದ ಕಡಲತೀರದಲ್ಲಿದೆ. ನೌಕಾಪಡೆಯ ಟಿಯು-142 ಎಂಬ ದೈತ್ಯ ವಿಮಾನ, 2017ರ ಡಿಸೆಂಬರಿನಲ್ಲಿ ರಾಷ್ಟ್ರಪತಿಗಳು ಉದ್ಘಾಟಿಸಿದ್ದು. ಮಡಕಶಿರಾದ ಮಗು ಅದನ್ನು ನೋಡಬೇಕಾದರೆ ಇಡೀ ರಾಜ್ಯ ದಾಟಬೇಕು. ಬೆಂಗಳೂರು ಮೂರು ನಾಲ್ಕು ಗಂಟೆ ದಾರಿ, ಆದರೆ ಅದು ಬೇರೆ ರಾಜ್ಯ. ಅಲ್ಲಿ ಹೋದರೆ ನೀವು ಆಂಧ್ರದವರು, ಇಲ್ಲಿ ಬಂದರೆ ನೀವು ಕನ್ನಡದವರು. ಎರಡೂ ಕಡೆ ಅತಿಥಿಗಳೇ ಹೊರತು ಮನೆಮಕ್ಕಳಲ್ಲ.

ಒಂದು ಫಲಕ, ಒಂದು ಭಾಷಣಕ್ಕೆ ಇಷ್ಟು ದೊಡ್ಡ ಗಲಾಟೆ ಯಾಕೆ ಎನ್ನುತ್ತೀರಾ? ಜೂನ್ ತಿಂಗಳಲ್ಲಿ ದಾಖಲಾತಿಗೆಂದು ಮನೆ ಮನೆ ತಿರುಗಿ ನೋಡಿ, ತಿಳಿಯುತ್ತದೆ. ಒಬ್ಬ ತಂದೆ ನನ್ನನ್ನು ಕೇಳಿದರು, "ಕನ್ನಡದಲ್ಲಿ ಓದಿದೋರು ವಿಮಾನ ಹಾರಿಸ್ತಾರಾ ಸಾರ್?" ಅವರದು ಕುಹಕ ಅಲ್ಲ, ನಿಜವಾದ ಅನುಮಾನ. 2019ರ ನವೆಂಬರಿನಲ್ಲಿ ನಮ್ಮ ಸರ್ಕಾರ ಒಂದರಿಂದ ಆರನೇ ತರಗತಿಯವರೆಗೆ ಇಂಗ್ಲಿಷ್ ಮಾಧ್ಯಮ ಎಂದು ಆದೇಶ ಹೊರಡಿಸಿತು, 2020ರ ಏಪ್ರಿಲ್‌ನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಕೋರ್ಟು ಆದೇಶವನ್ನು ರದ್ದು ಮಾಡಬಹುದು, ಆ ತಂದೆಯ ಮನಸ್ಸಿನ ಅನುಮಾನವನ್ನಲ್ಲ. ಅಂಥ ಮನೆಯ ಮಗುವನ್ನು ಕರೆದುಕೊಂಡು ಹೋಗಿ, ದೊಡ್ಡ ವಿಮಾನದ ನೆರಳಲ್ಲಿ ಕೂರಿಸಿ, ಮುಕ್ಕಾಲು ಗಂಟೆ ಅರ್ಥವಾಗದ ಭಾಷೆಯಲ್ಲಿ ಮಾತಾಡಿದರೆ ಆ ಮಗು ಕಲಿಯುವುದು ದೇಶಭಕ್ತಿಯನ್ನಲ್ಲ. ಈ ವಿಮಾನ, ಈ ಶೌರ್ಯ, ಈ ವಿಜ್ಞಾನ ಯಾವುದೂ ನನ್ನ ಭಾಷೆಯವರಿಗಲ್ಲ ಎಂಬುದನ್ನು ಕಲಿಯುತ್ತದೆ. ಮನೆಗೆ ಬಂದು ಅಪ್ಪನಿಗೆ ಅದನ್ನೇ ಹೇಳುತ್ತದೆ. ಮುಂದಿನ ಜೂನ್‌ನಲ್ಲಿ ಟಿಸಿ ಕೇಳುವುದಕ್ಕೆ ಅಪ್ಪ ಬರುತ್ತಾರೆ. ಅದಕ್ಕೆ ನಾವೇ ಬಸ್ ಮಾಡಿಕೊಂಡು ಹೋಗಿ ಬಂದೆವಲ್ಲ!

ಕೇಳುವುದು ಹೆಚ್ಚೇನಿಲ್ಲ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ 62 ವರ್ಷದ ಸೇವೆಯ ನಂತರ ಬೀಳ್ಕೊಡುಗೆ ಕೊಟ್ಟರು. ಇನ್ನು ಮೇಲೆ ಊರೂರಿನ ಸಂಗ್ರಹಾಲಯಗಳಲ್ಲಿ ಅದರ ನೆನಪಿನ ಕಾರ್ಯಕ್ರಮಗಳು ಬರುತ್ತವೆ. ಆಗ ಒಬ್ಬ ನಿವೃತ್ತ ತಂತ್ರಜ್ಞರನ್ನು ವೇದಿಕೆ ಮೇಲೆ ಅಲ್ಲ, ವಿಮಾನದ ಪಕ್ಕದಲ್ಲಿ ನಿಲ್ಲಿಸಿ. ಹದಿನೈದು ನಿಮಿಷ ಕನ್ನಡದಲ್ಲಿ ಮಾತಾಡಲಿ. ಗೆದ್ದದ್ದನ್ನು ಹೇಳಲಿ, ಎಷ್ಟು ಬಿದ್ದವು, ಯಾಕೆ ಬಿದ್ದವು ಅನ್ನುವುದನ್ನೂ ಹೇಳಲಿ. ಮಕ್ಕಳು ಪ್ರಶ್ನೆ ಕೇಳಲಿ. ಒಂದು ವಾರ ಮೊದಲು ಶಾಲೆಗೆ ಕನ್ನಡದಲ್ಲಿ ಒಂದು ಹಾಳೆ ಬರಲಿ, ನಾವು ಪಾಠ ಮಾಡಿಯೇ ಕರೆತರುತ್ತೇವೆ. ವಿಶಾಖಪಟ್ಟಣದಲ್ಲಾದರೆ ಇದೇ ಕೆಲಸ ತೆಲುಗಿನಲ್ಲಿ ಆಗಲಿ, ನಮ್ಮ ಮಕ್ಕಳಿಗೆ ತೆಲುಗೂ ಬರುತ್ತದೆ, ಸಂತೋಷವಾಗಿ ಕೇಳುತ್ತಾರೆ.

ರಾಯದುರ್ಗ, ಮಡಕಶಿರಾ ಭಾಗದ ಕನ್ನಡ ಶಾಲೆಗಳ ಗೆಳೆಯರೇ, ಹೆಡ್‌ಮಾಸ್ಟರುಗಳೇ, ಇದು ನಮ್ಮ ಕೈಯಲ್ಲೂ ಇದೆ. ಕುರ್ಚಿ ತುಂಬಬೇಕಾದರೆ ಅವರಿಗೆ ನಮ್ಮ ಮಕ್ಕಳು ಬೇಕು. ಮುಂದಿನ ಸಲ ಫೋನ್ ಬಂದಾಗ ಬಸ್ ಎಷ್ಟು ಗಂಟೆಗೆ, ಊಟ ಕೊಡ್ತೀರಾ ಎಂದು ಕೇಳುವ ಮೊದಲು, "ಕನ್ನಡದಲ್ಲಿ ಮಾತಾಡೋರು ಯಾರು ಬರ್ತಾರೆ?" ಎಂದು ಕೇಳಿ. ಯಾರೂ ಇಲ್ಲ ಎಂದರೆ ಆ ದಿನ ಮಕ್ಕಳನ್ನು ತರಗತಿಯಲ್ಲೇ ಕೂರಿಸಿ ದೇವಯ್ಯನ ಕಥೆ ಹೇಳಿ. ನಾನು ಹಾಗೆ ಮಾಡಬೇಕೆಂದು ತೀರ್ಮಾನಿಸಿದ್ದೇನೆ. ಕರಿಹಲಗೆಯ ಮೇಲೆ ಒಂದು ಮಿಸ್ಟೆಯರ್, ಒಂದು ಸ್ಟಾರ್‌ಫೈಟರ್ ಬರೆದರೆ ಸಾಕು, ಒಂದು ಪೀರಿಯಡ್ ಸಾಲದು.