ಬೆನ್ನುನೋವಿಗೆ ಸೂಜಿಯ ಮದ್ದು: ಒಂದು ವಿಚಾರ

ತನ್ನ ಬೆನ್ನು ತನಗೆ ಕಾಣದೆಂಬುದು ಹಳೆಯ ಮಾತು. ಕಾಣದಿದ್ದರೇನು, ನೋವು ಬಂದಾಗ ಅದರ ಇರವು ಹಗಲಿರುಳೂ ತಿಳಿಯುತ್ತದೆ. 2020ರಲ್ಲಿ ಲೋಕದ ಸುಮಾರು 62 ಕೋಟಿ ಜನ ಸೊಂಟನೋವಿನಿಂದ ಬಳಲುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಇಂಥ ಬೇನೆಗೆ ನರವನ್ನು ಸುಡುವ ಚಿಕಿತ್ಸೆಯೊಂದು ನಮ್ಮ ಪಟ್ಟಣಗಳಿಗೂ ಬಂದಿರುವಾಗ, ವಿದ್ಯಾರ್ಥಿಗಳಾದ ನಾವು ಅದನ್ನು ಕುರಿತು ವಿಚಾರ ಮಾಡುವುದು ಅಪ್ರಸ್ತುತವಾಗಲಾರದು.

ಚಿಕಿತ್ಸೆಯ ಕ್ರಮ ಹೀಗಿದೆ. ಬೆನ್ನುಮೂಳೆಯ ಮಣಿಗಳು ಹಿಂಬದಿಯಲ್ಲಿ ಒಂದನ್ನೊಂದು ಕೂಡುವ ಕಡೆ ಚಿಕ್ಕ ಕೀಲುಗಳಿವೆ. ಅಲ್ಲಿನ ನೋವಿನ ಸುದ್ದಿಯನ್ನು ಸಣ್ಣ ನರಗಳು ಮೆದುಳಿನ ಕಡೆಗೆ ಒಯ್ಯುತ್ತವೆ. ವೈದ್ಯರು ಮೊದಲು ಆ ನರದ ಬಳಿ ಅರಿವಳಿಕೆಯ ಮದ್ದನ್ನು ಚುಚ್ಚಿ ನೋಡುತ್ತಾರೆ. ನೋವು ತಾತ್ಕಾಲಿಕವಾಗಿ ಅಡಗಿದರೆ, ಅದರ ಮೂಲ ಅಲ್ಲಿಯೇ ಇರಬಹುದೆಂದು ಎಣಿಸುತ್ತಾರೆ. ಬಳಿಕ ಎಕ್ಸ್-ರೇಯ ನೆರವಿನಿಂದ ಸೂಜಿಯನ್ನು ನರದ ಪಕ್ಕಕ್ಕೆ ಇಳಿಸಿ, ರೇಡಿಯೋ ತರಂಗದ ಶಕ್ತಿಯಿಂದ ಅದರ ತುದಿಯ ಬಳಿ ಸುಮಾರು 80 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಒಂದೆರಡು ನಿಮಿಷ ಕೊಡುತ್ತಾರೆ. ನರ ಸುಟ್ಟು ಸುದ್ದಿ ನಿಲ್ಲುತ್ತದೆ. ದೊಡ್ಡ ಗಾಯವಿಲ್ಲ, ಸಾಮಾನ್ಯವಾಗಿ ರೋಗಿ ಅಂದೇ ಮನೆಗೆ ಮರಳುತ್ತಾನೆ.

ಮಾನವನ ಜಾಣ್ಮೆಗೆ ಇದು ಒಳ್ಳೆಯ ನಿದರ್ಶನವೇ ಸರಿ. ಆದರೆ ಇದು ಕೀಲನ್ನು ವಾಸಿಮಾಡುವುದಿಲ್ಲ, ನೋವಿನ ಸುದ್ದಿಯನ್ನು ಮಾತ್ರ ತಡೆಯುತ್ತದೆ. ಕೊಯ್ದ ಹುಲ್ಲಿನಂತೆ ನರ ಮತ್ತೆ ಬೆಳೆಯುತ್ತದೆ. ಆರು ತಿಂಗಳಿಗೋ ವರ್ಷಕ್ಕೋ ನೋವು ಮರಳಬಹುದು. ತಜ್ಞರಲ್ಲಿಯೂ ಏಕಾಭಿಪ್ರಾಯವಿಲ್ಲ. ಬೇರೆ ಚಿಕಿತ್ಸೆ ಫಲಿಸದೆ, ಪರೀಕ್ಷೆಯ ಚುಚ್ಚುಮದ್ದಿಗೆ ನೋವು ತಗ್ಗಿದವರಿಗೆ ಮಾತ್ರ ಇದನ್ನು ಯೋಚಿಸಬಹುದೆಂದು ಇಂಗ್ಲೆಂಡಿನ ನೈಸ್ ಸಂಸ್ಥೆ 2016ರಲ್ಲಿ ಹೇಳಿತು. ನೆದರ್ಲೆಂಡ್ಸಿನಲ್ಲಿ 681 ರೋಗಿಗಳ ಮೇಲೆ ನಡೆದ ಪ್ರಯೋಗಗಳ ಫಲ 2017ರಲ್ಲಿ ಪ್ರಕಟವಾಯಿತು. ಅಂಗಸಾಧನೆಯೊಡನೆ ಈ ಚಿಕಿತ್ಸೆಯನ್ನೂ ಪಡೆದವರು, ಅಂಗಸಾಧನೆ ಮಾತ್ರ ಮಾಡಿದವರಿಗಿಂತ ಹೇಳಿಕೊಳ್ಳುವಷ್ಟು ಸುಧಾರಿಸಿರಲಿಲ್ಲ. ರೋಗಿಗಳನ್ನು ಆರಿಸಿದ ಬಗೆಯೇ ಸರಿಯಿಲ್ಲವೆಂದು ಚಿಕಿತ್ಸೆಯ ಪಕ್ಷದವರು ವಾದಿಸಿದರು. 2025ರಲ್ಲಿ ಬಿಎಂಜೆ ಎಂಬ ವೈದ್ಯಪತ್ರಿಕೆಯಲ್ಲಿ ಬಂದ ಮಾರ್ಗಸೂಚಿಯಾದರೋ ದೀರ್ಘಕಾಲದ ಬೆನ್ನುನೋವಿಗೆ ಇದು ಬೇಡವೆಂದೇ ಸಲಹೆಯಿತ್ತಿದೆ.

ನನ್ನ ತಂದೆಯವರು ಮಾರುಕಟ್ಟೆಯಲ್ಲಿ ಹಮಾಲಿ. ಅವರು ಮೂಟೆ ಹೊತ್ತುದರಿಂದಲೇ ನಾನು ನಮ್ಮ ಮನೆತನದಲ್ಲಿ ಮೊದಲಿಗನಾಗಿ ಬಿ.ಎ. ತರಗತಿಯನ್ನು ಕಂಡೆ. ಅವರ ನೋವಿಗೆ ಒಂದು ಖಾಸಗಿ ಚಿಕಿತ್ಸಾಲಯದವರು, ಒಂದೇ ಸೂಜಿಗೆ ನೋವು ಶಾಶ್ವತವಾಗಿ ಹೋಗುವುದೆಂದರು. ಪರೀಕ್ಷೆಯ ಚುಚ್ಚುಮದ್ದಿನ ಮಾತಿಲ್ಲ, ನರ ಮತ್ತೆ ಬೆಳೆಯುವ ಮಾತಿಲ್ಲ. ಹಣದ ಮಾತು ಮಾತ್ರ ಸ್ಪಷ್ಟವಾಗಿತ್ತು. ತಾಯಿಯವರು ಓಲೆಗಳನ್ನು ಒತ್ತೆಯಿಡಲು ಸಿದ್ಧರಾದರು. ನಾನು ಓದಿ ತಿಳಿದುದನ್ನು ಹೇಳಿದಾಗ ತಂದೆಯವರು, "ಆರು ತಿಂಗಳು ನಿದ್ದೆ ಬಂದರೂ ಸಾಕಲ್ಲಪ್ಪಾ" ಎಂದರು. ಆ ನಿದ್ದೆಯನ್ನು ಹಗುರವಾಗಿ ಕಾಣುವ ಅಧಿಕಾರ ನನಗಿಲ್ಲ. ಆದರೆ ಆರು ತಿಂಗಳನ್ನು ಆರು ತಿಂಗಳೆಂದೇ ಹೇಳಬೇಕು. ಶಾಶ್ವತವೆಂದು ಹೇಳಿ ಓಲೆ ಬಿಚ್ಚಿಸಬಾರದು.

ಇನ್ನೊಂದು ಮಾತು. ನರ ಸುಮ್ಮನಾದ ಮೇಲೆ ಅದೇ ಬೆನ್ನು ಅದೇ ಮೂಟೆಗೆ ಬಾಗಬೇಕಲ್ಲವೆ? ವಯಸ್ಕ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಶಿಫಾರಸು ಮಾಡಿತು. 50 ಕಿಲೋ ಚೀಲ ಆ ಮಿತಿಯೊಳಗೇ ಇದೆಯೆನ್ನಬಹುದು. ದಿನಕ್ಕೆ ಎಷ್ಟು ಚೀಲವೆಂಬುದನ್ನು ಎಣಿಸುವವರಾರು? ತಳ್ಳುಗಾಡಿ, ಎತ್ತುವ ಯಂತ್ರ, ನಡುವೆ ವಿಶ್ರಾಂತಿ, ಇವೂ ಬೆನ್ನಿನ ಚಿಕಿತ್ಸೆಯೇ.

ಆದುದರಿಂದ ಸೂಜಿಯನ್ನು ಜರೆಯುವುದು ನನ್ನ ಉದ್ದೇಶವಲ್ಲ. ಅದು ಯಾರಿಗೆ, ಎಷ್ಟು ದಿನಕ್ಕೆ, ಎಷ್ಟು ಖರ್ಚಿಗೆ ಎಂಬುದನ್ನು ರೋಗಿಗೆ ತಿಳಿಯುವ ಕನ್ನಡದಲ್ಲಿ ಹೇಳುವುದು ವೈದ್ಯರ ಧರ್ಮ. ಹೇಳದಿದ್ದರೆ, ಅಕ್ಷರ ಕಲಿತ ಮಕ್ಕಳಾದ ನಾವು ಹಿರಿಯರ ಪಕ್ಕದಲ್ಲಿ ಕುಳಿತು ಕೇಳಬೇಕು. ಪದವಿಯ ಪ್ರಯೋಜನ ಅಷ್ಟಾದರೂ ಇರಲಿ.