ಗಾಲಿಕುರ್ಚಿಯ ಬಿಲ್ಲುಗಾರರು

ಬೆನ್ನುಹುರಿಗೆ ಪೆಟ್ಟು ತಗುಲಿದ ಯೋಧನು ಹಾಸಿಗೆಹುಣ್ಣಿನಿಂದಲೋ ಮೂತ್ರದ ಸೋಂಕಿನಿಂದಲೋ ಬೇಗನೆ ಅಸುನೀಗುತ್ತಿದ್ದ ಕಾಲವೊಂದಿತ್ತು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಇಂಥವರ ವಿಭಾಗವನ್ನು ವಹಿಸಿಕೊಂಡ ವೈದ್ಯ ಲುಡ್ವಿಗ್ ಗುಟ್‌ಮನ್ ಅವರು ಇದನ್ನು ವಿಧಿಯೆಂದು ಒಪ್ಪಲಿಲ್ಲ. ನಾಜಿಗಳ ಹಿಂಸೆಗೆ ಜರ್ಮನಿಯನ್ನೇ ತೊರೆದು ಬಂದವರು ಅವರು! ರೋಗಿಯನ್ನು ಎರಡೆರಡು ಗಂಟೆಗೊಮ್ಮೆ ಹೊರಳಿಸುವ ಕಟ್ಟುನಿಟ್ಟಿನ ಶುಶ್ರೂಷೆಯಿಂದ ಜೀವವೇನೋ ಉಳಿಯಿತು. ಉಳಿದ ಜೀವ ದಿನವಿಡೀ ಮಾಡುವುದೇನು? ಗುಟ್‌ಮನ್ನರು ಬಿಲ್ಲು ಕೊಟ್ಟರು. ಆಟವನ್ನು ಅವರು ಔಷಧಿಯೆಂದೇ ಬಗೆದರು. ಬಿಲ್ಲನ್ನೆಳೆಯುವಾಗ ತೋಳು, ಭುಜ, ಬೆನ್ನು ಬಲಗೊಳ್ಳುತ್ತವೆ. ಕುಳಿತಲ್ಲಿ ವಾಲದಿರಲು ದೇಹ ಕಲಿಯುತ್ತದೆ. ಮಿಗಿಲಾಗಿ, ಕುಳಿತವನು ನಿಂತವನೊಡನೆ ಸರಿಸಮನಾಗಿ ಸ್ಪರ್ಧಿಸಬಲ್ಲನು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಆಸ್ಪತ್ರೆಯ ಆವರಣದಲ್ಲಿ ಇಬ್ಬರು ಸ್ತ್ರೀಯರೂ ಸೇರಿ 16 ಮಂದಿ ಗಾಯಾಳು ಯೋಧರು ಬಾಣ ಹೂಡಿದರು. ಇಂದಿನ ಪ್ಯಾರಾಲಿಂಪಿಕ್ಸ್ ಮೊಳೆತದ್ದು ಅಲ್ಲಿಯೇ.

ಆ ಕ್ರೀಡಾಕೂಟದಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದವರೂ ಯೋಧರೇ. ಮುರಳೀಕಾಂತ ಪೇಟ್ಕರ್ ಸೇನೆಯಲ್ಲಿ ಮುಷ್ಟಿಯುದ್ಧದ ಪಟು. 1965ರ ಯುದ್ಧದಲ್ಲಿ ಗುಂಡುಗಳು ತಗುಲಿ ಕಾಲುಗಳ ಸ್ವಾಧೀನ ತಪ್ಪಿತು. ಚಿಕಿತ್ಸೆಗೆಂದು ನೀರಿಗಿಳಿದವರು 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ 50 ಮೀಟರ್ ಈಜನ್ನು 37.33 ಸೆಕೆಂಡುಗಳಲ್ಲಿ ಮುಗಿಸಿದರು. ಪದ್ಮಶ್ರೀ ಅವರನ್ನು ಅರಸಿ ಬಂದದ್ದು 2018ರಲ್ಲಿ. ಅಷ್ಟರಲ್ಲಿ ಅವರಿಗೆ ಎಪ್ಪತ್ತು ತುಂಬಿತ್ತು.