ಮನೆ ಬೇಕೋ ಗುಡ್ಡೆ ಬೇಕೋ ಎಂದು ಕೇಳುವವರಿಗೆ



ಚೆರ್ಕಳದಿಂದ ಬದಿಯಡ್ಕದ ಕಡೆಗೆ ಬಸ್ಸಿನಲ್ಲಿ ಬರುವಾಗ ಹೊರಗೆ ಸ್ವಲ್ಪ ನೋಡಿರಿ. ಗೇರು, ಕಾಟುಮಾವು, ಮುಳಿಹುಲ್ಲು ಇದ್ದ ಗುಡ್ಡೆಗಳು ಕೊಯ್ದಿಟ್ಟ ಹಲಸಿನಂತೆ ಬಾಯಿ ತೆರೆದು ನಿಂತಿವೆ. ಅಲ್ಲಿಂದ ತೆಗೆದ ಮಣ್ಣು ಕೆಳಗಿನ ಗದ್ದೆಗಳಲ್ಲಿ ಬಿದ್ದಿದೆ. ಪಟ್ಟಣವು ನಮ್ಮ ನೆಕ್ರಾಜೆಯ ಕಡೆಗೆ ನಡೆದು ಬರುತ್ತಿದೆ.

ಒಂದು ಸಭೆಯಲ್ಲಿ ನಾನು ಈ ವಿಚಾರ ಎತ್ತಿದಾಗ ಒಬ್ಬರು ಎದ್ದು, "ಮಾಸ್ಟ್ರೇ, ನಿಮಗೆ ಬಡವನ ಮನೆ ಬೇಕೋ, ಗುಡ್ಡೆ ಬೇಕೋ?" ಎಂದು ಕೇಳಿದರು. ಚಪ್ಪಾಳೆ ಬಿತ್ತು. ತಟ್ಟಿದವರಲ್ಲಿ ನಮ್ಮ ಲೈನಿನವರೂ ಇದ್ದರು. ಅಂದು ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಹೊಳೆಯಿತು. ಆದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಬಡವನಿಗೆ ಮನೆ ಎಲ್ಲಿಂದ ಬಂತು? 1970ರ ಜನವರಿ 1ರಂದು ಜಾರಿಗೆ ಬಂದ ಭೂಸುಧಾರಣೆಯಿಂದ ಕೇರಳದ ಹಳ್ಳಿಗಳಲ್ಲಿ ಧಣಿಯ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವನಿಗೆ 10 ಸೆಂಟಿನ ಹಕ್ಕು ಸಿಕ್ಕಿತು. 1972ರಲ್ಲಿ ಮಂತ್ರಿ ಎಂ. ಎನ್. ಗೋವಿಂದನ್ ನಾಯರ್ ಅವರು ಲಕ್ಷ ಮನೆಗಳ ಯೋಜನೆ ತಂದರು. ಆ ಕಾಲದಲ್ಲಿ ಬಡವನ ಮನೆಗಾಗಿ ಒಂದು ಗುಡ್ಡೆ ನೆಲಸಮವಾದದ್ದನ್ನು ನಿಮ್ಮ ಅಪ್ಪ ಅಜ್ಜಂದಿರು ಕಂಡಿದ್ದಾರೆಯೇ? ಇಳಿಜಾರಿನಲ್ಲಿ ಹಾರೆ ಪಿಕ್ಕಾಸಿನಿಂದ ಅಂಗಳದಷ್ಟು ಜಾಗ ಸಮ ಮಾಡಿ, ಹಿತ್ತಿಲಿನ ಹಲಸು ಕಡಿಯದೆ, ಅವರು ಮನೆ ಕಟ್ಟಿದರು. ಇಂದು ಜೆಸಿಬಿ ತಟ್ಟು ಮಾಡಿದ ಸೈಟುಗಳಲ್ಲಿ ನಮ್ಮ ಲೈನಿನ ಯಾರು ಜಾಗ ಕೊಂಡಿದ್ದಾರೆ? ನಮಗೆ ಅಲ್ಲಿ ಸಿಕ್ಕಿದ್ದು ಕಲ್ಲು ಹೊರುವ ಕೂಲಿ ಮಾತ್ರ. ಕಟ್ಟಿ ಮುಗಿದ ಹಲವು ಮನೆಗಳ ಗೇಟಿಗೆ ವರ್ಷವಿಡೀ ಬೀಗ. ಇದಕ್ಕೆ ಬಡವನ ಹೆಸರು ಯಾಕೆ?

ಇನ್ನು ಗುಡ್ಡೆಯಿಂದ ನಮಗೇನು ಎಂಬ ಮಾತು. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲ್ಲಿಮೀಟರ್ ಮಳೆ ಸುರಿಯುತ್ತದೆ. ಆದರೂ ಕಾಸರಗೋಡು ಬ್ಲಾಕನ್ನು ಕೇಂದ್ರ ಅಂತರ್ಜಲ ಮಂಡಳಿಯು ವಿಷಮ ಸ್ಥಿತಿಯ ಬ್ಲಾಕುಗಳ ಪಟ್ಟಿಗೆ ಸೇರಿಸಿತು. ಮಳೆಯ ನೀರನ್ನು ಹಿಡಿದಿಟ್ಟು ಬೇಸಿಗೆಗೆ ಕೊಡುವುದು ಮುರಕಲ್ಲಿನ ಗುಡ್ಡೆ. ಅದರ ಸಂದುಗಳಲ್ಲಿ ಇಳಿದ ನೀರೇ ಸುರಂಗದಲ್ಲಿ ತೊಟ್ಟಿಕ್ಕುತ್ತದೆ, ಬಾವಿಗೆ ಬರುತ್ತದೆ, ತೋಡಿನಲ್ಲಿ ಹರಿಯುತ್ತದೆ. ಗುಡ್ಡೆಯ ತಲೆ ಕತ್ತರಿಸಿ ಇಂಟರ್‌ಲಾಕ್ ಹಾಸಿದರೆ ಆ ನೀರು ಒಂದೇ ದಿನದಲ್ಲಿ ಹೊಳೆ ಸೇರಿ ಸಮುದ್ರಕ್ಕೆ ಹೋಗುತ್ತದೆ. ಗದ್ದೆ ತುಂಬಿಸಿದರಂತೂ ನಿಲ್ಲುವ ನೀರಿಗೂ ಜಾಗವಿಲ್ಲ. ಏಪ್ರಿಲ್ ತಿಂಗಳಲ್ಲಿ ಸೈಟಿನವನು ಬೋರು ತೆಗೆಸುತ್ತಾನೆ, ಟ್ಯಾಂಕರ್ ತರಿಸುತ್ತಾನೆ. ಕೆಲಸ ಮುಗಿಸಿ ಬಂದ ನಮ್ಮ ಅಕ್ಕ ತಂಗಿಯರು ಕೊಡಪಾನ ಸಾಲಿಟ್ಟು ಪಂಚಾಯತಿನ ನೀರಿನ ಗಾಡಿಗೆ ಕಾಯುತ್ತಾರೆ. ಮೇಲೆ ಮಾಡಿದ ತಪ್ಪಿನ ಫಲವನ್ನು ಕೆಳಗಿನವರು ಉಣ್ಣುವುದು ಈ ಜಿಲ್ಲೆಗೆ ಹೊಸದಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ 2000ದವರೆಗೆ ಸುರಿದ ಎಂಡೋಸಲ್ಫಾನನ್ನು ಮರೆತಿರಾ?

ಕಾನೂನಿಲ್ಲವೆಂದು ಯಾರೂ ಹೇಳಬಾರದು. 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾನೂನು ಬಡವನ ಮನೆಗೆ ಅಡ್ಡ ಬಂದಿಲ್ಲ. ಬೇರೆ ಜಾಗವಿಲ್ಲದ ಗದ್ದೆಯ ಒಡೆಯನು ತಾನು ವಾಸಿಸಲು ಪಂಚಾಯತಿನಲ್ಲಿ 10 ಸೆಂಟಿನವರೆಗೆ ಅನುಮತಿ ಕೇಳಬಹುದು. ರಸ್ತೆಗಳಂತಹ ಕಾಮಗಾರಿಗೆ ಮಣ್ಣು ತೆಗೆಯಲು ಪರಿಸರ ಅನುಮತಿ ಬೇಡವೆಂದು ಕೇಂದ್ರ ಸರಕಾರ 2020ರಲ್ಲಿ ಕೊಟ್ಟ ವಿನಾಯಿತಿಯನ್ನು ಸುಪ್ರೀಂ ಕೋರ್ಟು 2024ರ ಮಾರ್ಚಿನಲ್ಲಿ ರದ್ದು ಮಾಡಿತು. ಮರುವರ್ಷ ಮೇ ತಿಂಗಳಲ್ಲಿ ಚೆರುವತ್ತೂರಿನ ಮಟ್ಟಲಾಯಿಯಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡೆ ಕುಸಿಯಿತು. ಸತ್ತವನು ಬಂಗಾಳದಿಂದ ಬಂದ ಕೂಲಿಯವನು. ಗುಡ್ಡೆ ಜಾರಿದರೂ ನಮ್ಮಂಥವರ ಮೇಲೆಯೇ ಜಾರುತ್ತದೆ.

ಹಾಗಾದರೆ ನಿವೃತ್ತಿಯಾಗಿ ಲೈನು ಬಿಡಬೇಕಾದವನು ಎಲ್ಲಿಗೆ ಹೋಗಬೇಕು? ಇದು ನ್ಯಾಯವಾದ ಪ್ರಶ್ನೆ. ತೋಟದ ಜಮೀನಿಗೆ ಭೂಮಿತಿಯಿಂದ ವಿನಾಯಿತಿ ಇದೆ. ಅದರಲ್ಲಿ ನೂರಕ್ಕೆ 5 ಪಾಲನ್ನು ಔಷಧಿ ಗಿಡ, ಹೈನುಗಾರಿಕೆ, ಪ್ರವಾಸಿ ಹೋಟೆಲು ಮುಂತಾದವುಗಳಿಗೆ ಬಳಸಬಹುದೆಂದು 2012ರಲ್ಲಿ ಜಾರಿಗೆ ಬಂದ ತಿದ್ದುಪಡಿ ಹೇಳಿತು. ಪ್ರವಾಸಿ ಮಲಗಲು ಕೋಣೆ ಆಗಬಹುದಾದಲ್ಲಿ, ಮೂವತ್ತು ವರ್ಷ ಆ ತೋಟದಲ್ಲಿ ದುಡಿದವನಿಗೆ 5 ಸೆಂಟು ಯಾಕಾಗಬಾರದು? 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲೆ ಕೊಚ್ಚಿಹೋದಾಗ ಎಸ್ಟೇಟಿನ ಪಾಡಿಗಳೂ ಹೋದವು. ಆ ಮೇಲೆ ಸರಕಾರವು ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟಿನ 64 ಹೆಕ್ಟೇರು ತೆಗೆದುಕೊಂಡು, ತಲಾ 7 ಸೆಂಟಿನಲ್ಲಿ ಮನೆ ಕಟ್ಟಲು 2025ರ ಮಾರ್ಚ್ 27ರಂದು ಶಿಲಾನ್ಯಾಸ ಮಾಡಿತು. (ಅಲ್ಲಿನ ಕಾರ್ಮಿಕರು ತಮಗೆ ಬರಬೇಕಾದ ಬಾಕಿಗಾಗಿ ಅದೇ ಎಸ್ಟೇಟಿನಲ್ಲಿ ಧರಣಿ ಕೂರಬೇಕಾಯಿತೆಂಬುದನ್ನೂ ನೆನಪಿಡಿರಿ.) ಮನಸ್ಸಿದ್ದರೆ ತೋಟದ ಅಂಚಿನಲ್ಲಿ, ರಸ್ತೆಗೆ ತಾಗಿ, ಜಾಗ ಸಿಗುತ್ತದೆ. ಅದಕ್ಕೆ ಊರು ಕೊಚ್ಚಿಹೋಗುವವರೆಗೆ ಕಾಯಬೇಕೇ?

ನಮ್ಮವರಿಗೂ ಒಂದು ಮಾತು. ರಾತ್ರಿ ಟಿಪ್ಪರ್ ಓಡಿಸುವವರಲ್ಲಿ ನಮ್ಮ ಹುಡುಗರಿದ್ದಾರೆ. ಅವರ ಹೊಟ್ಟೆಯ ಮೇಲೆ ಹೊಡೆಯಿರಿ ಎಂದು ನಾನು ಹೇಳುವುದಿಲ್ಲ. ನನ್ನ ಅಕ್ಕನ ಮಗನೂ ಆರು ತಿಂಗಳು ಅದೇ ಕೆಲಸ ಮಾಡಿದ. ಆದರೆ ಯಾವ ಗದ್ದೆಗೆ ಮಣ್ಣು ಹೋಗುತ್ತಿದೆಯೆಂದು ಅವರಿಗೆ ಗೊತ್ತಿರುತ್ತದೆ. ಅದನ್ನು ಯೂನಿಯನ್ನಿಗೆ ತಿಳಿಸಲಿ, ಹೆಸರು ಹೊರಗೆ ಬಾರದು. ಮಗಳ ಮದುವೆಗೆಂದು ಅಜ್ಜನ 10 ಸೆಂಟು ಮಾರಲು ಹೊರಟವರು ದಲ್ಲಾಳಿಯ ಮುಂಗಡ ಮುಟ್ಟುವ ಮೊದಲು ನಮ್ಮೊಡನೆ ಒಮ್ಮೆ ಕುಳಿತುಕೊಳ್ಳಲಿ.

ಗ್ರಾಮಸಭೆಗೆ ವಾರ್ಡಿನ ಮತದಾರರಲ್ಲಿ ನೂರಕ್ಕೆ 10 ಮಂದಿ ಬರಲೇಬೇಕು. ಮನೆಯಿಲ್ಲದವರ ಪಟ್ಟಿ ಒಪ್ಪಿಗೆಗೆ ಬರುವುದು ಅಲ್ಲಿಗೇ. ಮುಂದಿನ ಸಭೆಗೆ ಗಂಡಸರೂ ಹೆಂಗಸರೂ ಒಟ್ಟಿಗೆ ಹೊರಡೋಣ. ಕೃಷಿಭವನದಲ್ಲಿ ಗದ್ದೆಗಳ ಡೇಟಾ ಬ್ಯಾಂಕ್ ಕೇಳಿ, ನಮ್ಮ ಬಯಲು ಅದರಲ್ಲಿ ಇದೆಯೋ ಬಿಟ್ಟುಹೋಗಿದೆಯೋ ನೋಡೋಣ. ಮಲೆಯಾಳದ ನೋಟೀಸು ಓದಲು ಬಾರದಿದ್ದರೆ ಕನ್ನಡದಲ್ಲಿ ಕೇಳಿರಿ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಆ ಹಕ್ಕಿದೆ. ಬರುವ ಭಾನುವಾರ ಪೂಜೆಯ ನಂತರ ನಾನು ಶಾಲೆಯ ಜಗಲಿಯಲ್ಲಿರುತ್ತೇನೆ. ಮನೆಯಿಲ್ಲದವರು ರೇಶನ್ ಕಾರ್ಡು ತನ್ನಿರಿ, ಅರ್ಜಿ ಬರೆದುಕೊಡುತ್ತೇನೆ.